ಒಂದೇ ಹಂಗಾಮಿನ ಹನ್ನೊಂದು ಮಂದಿ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಶಾಲೆಯ ನೋಟುಬುಕ್ಕಿನಿಂದ ಹರಿದದ್ದು. ಅಂಚು ಹಳದಿಯಾಗಿದೆ, ಒಂದೆರಡು ಕಡೆ ಒಗ್ಗರಣೆಯ ಎಣ್ಣೆ ಸಿಡಿದಿದೆ. ಹೊಸದಾಗಿ ಮನೆಗೆ ಬಂದವರು ಅದನ್ನು ಕಿರಾಣಿ ಸಾಮಾನಿನ ಯಾದಿ ಎಂದೇ ತಿಳಿಯುತ್ತಾರೆ. ಹತ್ತಿರ ಹೋಗಿ ಓದಿದರೆ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಎಂದು ಹೆಸರುಗಳು. ಪ್ರತಿ ಹೆಸರಿನ ಮುಂದೆ ಒಂದೊಂದು ವರ್ಷ. ಒಂದರಿಂದ ಹತ್ತರವರೆಗೆ ಪೆನ್ನಿನಲ್ಲಿ ಬರೆದಿದೆ. ಹನ್ನೊಂದನೆಯ ಸಾಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಾಗದವೇ ತೆಳ್ಳಗಾಗಿದೆ. ಹನ್ನೆರಡನೆಯ ಸಾಲಿನಲ್ಲಿದ್ದ ಹೆಸರಿಗೆ ಅಡ್ಡಗೆರೆ ಎಳೆದಿದೆ.

ಇದು ಕರ್ನಾಟಕದ ಸಾರ್ವಕಾಲಿಕ ಕ್ರಿಕೆಟ್ ತಂಡ. ಆಯ್ಕೆ ಸಮಿತಿ ನಾವೇ, ಅಂದರೆ ನಮ್ಮ ಮನೆಯ ಮೂರು ತಲೆಮಾರು. ಸಭೆಗಳು ಊಟದ ತಟ್ಟೆಯ ಮುಂದೆ ನಡೆಯುತ್ತವೆ. ಹತ್ತು ವರ್ಷಗಳ ಮೇಲಾಯಿತು, ತಂಡ ಇನ್ನೂ ಪೂರ್ಣವಾಗಿಲ್ಲ. ನಗಬೇಡಿ. ಈ ಹಾಳೆ ಇಲ್ಲದೆ ಹೋಗಿದ್ದರೆ ನಮ್ಮ ಮನೆಯಲ್ಲಿ ಅಜ್ಜ ಮೊಮ್ಮಗನ ಮಾತುಕತೆ ಎಂದೋ ನಿಂತುಹೋಗುತ್ತಿತ್ತು.

ಕಾರಣ ಒಂದು ಜಗಳ. 2014ರ ಜನವರಿ ಕೊನೆಯಲ್ಲಿ ಹೈದರಾಬಾದಿನಲ್ಲಿ ರಣಜಿ ಟ್ರೋಫಿಯ ಫೈನಲ್ ನಡೆಯಿತು. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಮಹಾರಾಷ್ಟ್ರ. ಪುಣೆಯ ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಧರ್ಮಸಂಕಟ ಯಾವುದಿದೆ ಹೇಳಿ. ಉಣ್ಣುವ ಅನ್ನ ಇಲ್ಲಿಯದು, ಆಡುವ ಮಾತು ಅಲ್ಲಿಯದು. ನಾವು, ಅಂದರೆ ನಡುವಿನ ತಲೆಮಾರಿನವರು, ಎರಡೂ ಕಡೆಗೆ ತಲೆಯಾಡಿಸಿ ಪಾರಾಗುವುದನ್ನು ಚಿಕ್ಕಂದಿನಿಂದಲೇ ಕಲಿತವರು. ನಮ್ಮ ತಂದೆಯವರಿಗೆ ಅದು ಬರುವುದಿಲ್ಲ. ಅವರು ಬೆಳಿಗ್ಗೆಯೇ ಸ್ನಾನ ಮುಗಿಸಿ, ಹಣೆಗೆ ಗಂಧ ಹಚ್ಚಿಕೊಂಡು ಟೀವಿಯ ಮುಂದೆ ಕುಳಿತರು. ಆಗ ಹದಿನಾಲ್ಕು ವರ್ಷದವನಾಗಿದ್ದ ನಮ್ಮ ಮಗ ಶಾಲೆಯಿಂದ ಬಂದವನೇ ಮಹಾರಾಷ್ಟ್ರದ ಒಂದು ಬೌಂಡರಿಗೆ ಚಪ್ಪಾಳೆ ಹೊಡೆದ.

"ಏನಲೇ, ಈ ಮನ್ಯಾಗ ಕೂತು ಅವರಿಗೆ ಚಪ್ಪಾಳಿ ಹೊಡೀತಿ?" ಎಂದರು ತಂದೆಯವರು.

"ಅಜ್ಜಾ, ನಾ ಹುಟ್ಟಿದ್ದು ಪುಣೇದಾಗ. ನಿಮಗ ಧಾರವಾಡ ಹೆಂಗೋ ನನಗ ಪುಣೆ ಹಂಗ. ಕೇದಾರ ಜಾಧವ ನಮ್ಮ ಊರವ."

ಉತ್ತರ ಕೊಟ್ಟದ್ದು ಅಚ್ಚ ಧಾರವಾಡದ ಕನ್ನಡದಲ್ಲಿ. ಅದನ್ನು ಕಲಿಸಿದವರೂ ಅದೇ ಅಜ್ಜ. ಆದರೆ ಆ ಹೊತ್ತಿನಲ್ಲಿ ಅದು ಯಾರ ಲಕ್ಷ್ಯಕ್ಕೂ ಬರಲಿಲ್ಲ. "ಹಂಗಾರ ನೀ ನಮ್ಮವ ಅಲ್ಲ ಬಿಡು" ಎಂದುಬಿಟ್ಟರು ತಂದೆಯವರು. ಹುಡುಗ ತಟ್ಟೆ ಬಿಟ್ಟು ಎದ್ದ. ಕರ್ನಾಟಕ 7 ವಿಕೆಟ್‌ಗಳಿಂದ ಗೆದ್ದಿತು, 15 ವರ್ಷಗಳ ನಂತರ ಟ್ರೋಫಿ ಬಂತು. ನಮ್ಮ ಮನೆಯಲ್ಲಿ ಸಿಹಿ ಮಾಡಲಿಲ್ಲ. ಅಜ್ಜ ಮೊಮ್ಮಗ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು ನಾಲ್ಕು ದಿನ ಗೋಡೆಗೆ ಮುಖ ಮಾಡಿ ಮಲಗಿದರು.

ತಂದೆಯವರ ಸಿಟ್ಟು ಅರ್ಥವಾಗಬೇಕಾದರೆ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕು. ಅವರು ಧಾರವಾಡ ಬಿಟ್ಟು ಪುಣೆಗೆ ಕಾರಕೂನಿಕೆಗೆ ಬಂದದ್ದು 1970ರಲ್ಲಿ. ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ಎರಡು ಖೋಲಿಗಳ ಬಿಡಾರ. ಊರಿಗೆ ಹೋಗುವುದೆಂದರೆ ಮಿರಜದಲ್ಲಿ ಗಾಡಿ ಬದಲಿಸಬೇಕು. ಹುಬ್ಬಳ್ಳಿಯ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ನಮ್ಮ ನಾಡಿಗೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಆ ಹಂಗಾಮಿನಲ್ಲೇ, ಹೊಸ ಹೆಸರು ಹೊತ್ತ ತಂಡ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಮುಂಬಯಿಯನ್ನು ಎದುರಿಸಿತು. ಮುಂಬಯಿ 1958-59ರಿಂದ ಸತತ 15 ಸಲ ರಣಜಿ ಗೆದ್ದ ತಂಡ. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106, ಕರ್ನಾಟಕ 385. ಪ್ರಸನ್ನರ ಚೆಂಡಿಗೆ ಗಾವಸ್ಕರ್ ಬೌಲ್ಡ್, ವಾಡೇಕರ್ ರನ್ ಔಟ್, ಮುಂಬಯಿ 307. ಮೊದಲ ಇನ್ನಿಂಗ್ಸಿನ ಮುನ್ನಡೆಯ ಮೇಲೆ ಕರ್ನಾಟಕ ಫೈನಲ್ಲಿಗೆ ಹೋಯಿತು, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ಟ್ರೋಫಿ ತಂದಿತು.

ಆಗ ನಾವಿನ್ನೂ ತೊಟ್ಟಿಲಲ್ಲಿ. ಆದರೂ ಆ ದಿನದ ಕಥೆ ನಮಗೆ ಬಾಯಿಪಾಠ. ಮುಂಬಯಿ ಸೋತ ಸುದ್ದಿ ಬಂದಾಗ ತಂದೆಯವರ ಆಫೀಸಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಪುಣೇಕರರು! ಮುಂಬಯಿಯ ಜಂಬ ಇಳಿಸಲು ಮಹಾರಾಷ್ಟ್ರ ತಂಡಕ್ಕೆ ಅಷ್ಟು ವರ್ಷ ಆಗಿರಲಿಲ್ಲ. ಅಲ್ಲಿಯವರೆಗೆ ತಂದೆಯವರನ್ನು ಬರೇ 'ಕಾನಡೀ' ಎಂದು ಕರೆಯುತ್ತಿದ್ದ ಸಹೋದ್ಯೋಗಿಗಳು ಅಂದು ಅವರನ್ನು ನಡುವೆ ಕೂರಿಸಿ ಚಹಾ ಕುಡಿಸಿದರಂತೆ, ಪೇಡೆ ತಂದರಂತೆ. ಪರವೂರಿನಲ್ಲಿ ನಾಲ್ಕು ವರ್ಷ ತಲೆ ತಗ್ಗಿಸಿ ಬಾಳಿದ ಮನುಷ್ಯನಿಗೆ ಅಂದು ಕುರ್ಚಿ ಸಿಕ್ಕಿತು. ತಂದೆಯವರಿಗೆ ಕರ್ನಾಟಕದ ತಂಡ ಎಂದರೆ ಆ ಕುರ್ಚಿ. ಮೊಮ್ಮಗನಿಗೆ ಪುಣೆಯಲ್ಲಿ ಕುರ್ಚಿ ಹುಟ್ಟುತ್ತಲೇ ಸಿಕ್ಕಿದೆ. ಅದರ ಬೆಲೆ ಅವನಿಗೆ ಹೇಗೆ ತಿಳಿಯಬೇಕು?

ಐದನೆಯ ದಿನ ಹುಡುಗನೇ ಸೋತು ಮಾತಿಗೆ ಬಂದ. ಅವನು ಶಾಲೆಯಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ. ಅಮೆರಿಕದ ಬಾಸ್ಕೆಟ್‌ಬಾಲ್ ಅಭಿಮಾನಿಗಳು ಕಲ್ಪನೆಯ ತಂಡ ಕಟ್ಟುತ್ತಾರಂತೆ. ಆಟಗಾರನ ಇಡೀ ಬಾಳಿನ ಲೆಕ್ಕ ನೋಡುವುದಿಲ್ಲ. ಅವನ ಅತ್ಯುತ್ತಮವಾದ ಒಂದು ಹಂಗಾಮನ್ನು ಮಾತ್ರ ಎತ್ತಿಕೊಳ್ಳುತ್ತಾರೆ. ವಿಲ್ಟ್ ಚೇಂಬರ್ಲೇನ್ ಎಂದರೆ 1961-62ರ ಚೇಂಬರ್ಲೇನ್. ಆ ವರ್ಷ ಪಂದ್ಯಕ್ಕೆ ಸರಾಸರಿ 50.4 ಅಂಕ, ಒಂದು ಪಂದ್ಯದಲ್ಲಂತೂ ಒಬ್ಬನೇ 100. ಮೈಕೆಲ್ ಜೋರ್ಡಾನ್ ಎಂದರೆ ಪಂದ್ಯಕ್ಕೆ 35 ಅಂಕ ಗಳಿಸಿದ 1987-88ರ ಜೋರ್ಡಾನ್. "ಹಿಂಗ ನಾವೂ ಕರ್ನಾಟಕದ ಟೀಮ್ ಮಾಡೋಣೇನ ಅಜ್ಜಾ?" ಎಂದ.

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ, ಚಲೋ ಬೆಳಿ ಬಂದ ಒಂದು ಹಂಗಾಮು ಹಿಡದು ಹೊಲದ ಕಿಮ್ಮತ್ತು ಕಟ್ಟೋದು" ಎಂದರು. ಜೋಳ ಬೆಳೆದ ಮನೆತನ ನಮ್ಮದು. "ತಗೊಂಬಾ ಹಾಳಿ."

ಮೂರು ನಿಯಮಗಳಾದವು. ಒಂದು: ಮೈಸೂರಿನ ಅಥವಾ ಕರ್ನಾಟಕದ ಪರವಾಗಿ ರಣಜಿ ಆಡಿರಬೇಕು. ಎರಡು: ಒಬ್ಬನಿಗೆ ಒಂದೇ ಹಂಗಾಮು, ಆ ಹಂಗಾಮಿನಲ್ಲಿ ರಾಜ್ಯಕ್ಕೆ ಆಡಿದ್ದೂ ದೇಶಕ್ಕೆ ಆಡಿದ್ದೂ ಎರಡೂ ಜಮೆ. ಮೂರು: ಒಂದು ಹಂಗಾಮಿನಿಂದ ಒಬ್ಬನೇ. ಮೂರನೆಯದು ಮೊಮ್ಮಗನ ಹಟ. "ಇಲ್ಲಂದ್ರ ಅಜ್ಜ ಹನ್ನೊಂದೂ ಮಂದೀನ 1974ರಿಂದನ ಹಿಡಕೊಂಡು ಬರ್ತಾರ" ಎಂದ. ಮಾತು ಸುಳ್ಳಾಗಿರಲಿಲ್ಲ.

ಈ ಮೂರನೆಯ ನಿಯಮ ಮೊದಲ ದಿನವೇ ಕಾಲಿಗೆ ತೊಡಕಿತು. 1973-74ಕ್ಕೆ ಮೂವರು ಹಕ್ಕುದಾರರು: ನಾಯಕ ಪ್ರಸನ್ನ, 162 ಹೊಡೆದ ವಿಶ್ವನಾಥ್, 106 ಹೊಡೆದ ಬ್ರಿಜೇಶ್ ಪಟೇಲ್. ಯಾರಿಗೆ ಕೊಡುವುದು? ತಂದೆಯವರು ಪೆನ್ನು ಕೆಳಗಿಟ್ಟು ತೀರ್ಪು ಹೇಳಿದರು: "ಇನ್ನೊಂದು ಹಂಗಾಮು ಇದ್ದವ ಬಿಟ್ಟುಕೊಡಬೇಕು."

ಅಲ್ಲಿಂದ ಮುಂದೆ ಹಾಳೆಯೆಲ್ಲ ನಡೆದದ್ದು ಈ ಒಂದು ಮಾತಿನ ಮೇಲೆ. ಪ್ರಸನ್ನರಿಗೆ ಇನ್ನೊಂದು ಹಂಗಾಮು ಇದೆ. 1962ರಲ್ಲಿ ವೆಸ್ಟ್ ಇಂಡೀಸಿನಿಂದ ಬಂದ ಮೇಲೆ ಅವರು ಎಂಜಿನಿಯರಿಂಗ್ ಓದು ಮುಗಿಸಲೆಂದು ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದರು. ತಿರುಗಿ ಬಂದವರು 1967-68ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರವಾಸದಲ್ಲಿ 8 ಟೆಸ್ಟುಗಳಿಂದ 49 ವಿಕೆಟ್ ಕಿತ್ತರು. ಭಾರತ ಪರದೇಶದಲ್ಲಿ ಮೊದಲ ಸಲ ಸರಣಿ ಗೆದ್ದದ್ದು ಆ ನ್ಯೂಜಿಲೆಂಡಿನಲ್ಲಿಯೇ. ಐದು ವರ್ಷ ಬಿತ್ತದೆ ಬಿಟ್ಟ ಹೊಲ ಹಾಗೆ ಬೆಳೆಯಿತು ಎಂದರು ತಂದೆಯವರು. ವಿಶ್ವನಾಥರಿಗೂ ಇನ್ನೊಂದು ಇದೆ: 1974-75. ವೆಸ್ಟ್ ಇಂಡೀಸ್ ವಿರುದ್ಧ ಆ ಸರಣಿಯಲ್ಲಿ 568 ರನ್. ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್ ಒಬ್ಬೊಬ್ಬರನ್ನೇ ಕೆಡವುತ್ತಿದ್ದಾಗ, ತಂಡದ 190ರಲ್ಲಿ ಔಟಾಗದೆ 97. "ನೂರಕ್ಕಿಂತ ದೊಡ್ಡ ತೊಂಬತ್ತೇಳು" ಎಂಬುದು ನಮ್ಮ ತಂದೆಯವರ ಗಣಿತ. ಹೀಗೆ 1973-74 ಬ್ರಿಜೇಶ್ ಪಟೇಲರಿಗೆ ಉಳಿಯಿತು.

1977-78ಕ್ಕೂ ಇದೇ ಗತಿ. ಆ ವರ್ಷ ಉತ್ತರ ಪ್ರದೇಶದ ಎದುರು ಫೈನಲ್ಲಿನಲ್ಲಿ ವಿಶ್ವನಾಥ್ 247 ಹೊಡೆದರು. ಅವರ ಜಾಗ ಆಗಲೇ ಬೇರೆ ಕಡೆ ಖಾತ್ರಿಯಾಗಿತ್ತು. ಅದೇ ಹಂಗಾಮಿನಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಇಬ್ಬರು ಆರಂಭಿಕರು ಒಂದೂ ವಿಕೆಟ್ ಕೊಡದೆ 451 ರನ್ ಸೇರಿಸಿದ್ದರು. ರೋಜರ್ ಬಿನ್ನಿ 211, ಸಂಜಯ್ ದೇಸಾಯಿ 218, ಇಬ್ಬರೂ ನಾಟ್ ಔಟ್. ಬಿನ್ನಿಯವರನ್ನು ಎಲ್ಲರೂ ಬಲ್ಲರು. 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್, ಎಲ್ಲರಿಗಿಂತ ಹೆಚ್ಚು. ಆ ಹಂಗಾಮಿನ ರಣಜಿ ಫೈನಲ್ಲಿನಲ್ಲೂ ಕರ್ನಾಟಕ ಮುಂಬಯಿಯನ್ನು ಮುಂಬಯಿಯಲ್ಲೇ ಸೋಲಿಸಿತ್ತು. ದೇಸಾಯಿಯವರಿಗೆ ಭಾರತದ ಟೋಪಿ ಸಿಗಲಿಲ್ಲ. "ಬಿನ್ನಿ 1982-83ಕ್ಕ ಹೋಗಲಿ. ದೇಸಾಯಿಗೆ ಇದೊಂದ" ಎಂದು ತಂದೆಯವರು ಎರಡನೆಯ ಸಾಲಿನಲ್ಲಿ ಅವರ ಹೆಸರು ಬರೆದರು. ಜೀವಮಾನದ ಲೆಕ್ಕ ಹಿಡಿದು ತಂಡ ಕಟ್ಟಿದ್ದರೆ ಆ ಹೆಸರು ನಮ್ಮ ಹಾಳೆಗೆ ಬರುವ ಸಂಭವವೇ ಇರಲಿಲ್ಲ. ಮೊಮ್ಮಗನ ಆಟದ ರುಚಿ ನಮಗೆ ಹತ್ತಿದ್ದು ಅಲ್ಲಿ.

ಉಳಿದವರು ಹೆಚ್ಚು ತೊಂದರೆ ಕೊಡಲಿಲ್ಲ. ಚಂದ್ರಶೇಖರರದು 1972-73: ಪೋಲಿಯೋದಿಂದ ಸೊರಗಿದ ಅದೇ ಬಲಗೈಯಿಂದ ಇಂಗ್ಲೆಂಡಿನ ವಿರುದ್ಧ 5 ಟೆಸ್ಟುಗಳಲ್ಲಿ 35 ವಿಕೆಟ್. ಬ್ಯಾಟು ಹಿಡಿದರೆ ಅವರು ಯಾವ ಹಂಗಾಮಿನವರಾದರೇನು, ಹನ್ನೊಂದನೆಯವರೇ! ಕೀಪಿಂಗಿಗೆ ಕಿರ್ಮಾನಿ, 1981-82. ಇಂಗ್ಲೆಂಡಿನ ವಿರುದ್ಧ ಸತತ ಮೂರು ಟೆಸ್ಟುಗಳಲ್ಲಿ ಒಂದೇ ಒಂದು ಬೈ ಬಿಡಲಿಲ್ಲ. ಅದೇ ಹಂಗಾಮಿನ ದೆಹಲಿ ಫೈನಲ್ಲಿನಲ್ಲಿ ಕರ್ನಾಟಕ 705 ರನ್ ಹೊಡೆದೂ ಸೋತಿತ್ತು. ದೆಹಲಿ 8 ವಿಕೆಟ್ಟಿಗೆ 707. ಸೋತ ಹಂಗಾಮಿನಲ್ಲೂ ಒಬ್ಬನಿಗೆ ಒಳ್ಳೆಯ ಬೆಳೆ ಬರಬಹುದೆಂದು ಅದನ್ನೂ ಜಮೆ ಹಿಡಿದೆವು. ಶ್ರೀನಾಥ್ 1996-97: ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 21 ರನ್ನಿಗೆ 6. ದ್ರಾವಿಡರಿಗೆ ಹಂಗಾಮುಗಳೇ ಹಂಗಾಮುಗಳು. ಕೊನೆಗೆ ಆರಿಸಿದ್ದು 2011, ಇಂಗ್ಲೆಂಡ್ ಪ್ರವಾಸ. ಭಾರತ ನಾಲ್ಕೂ ಟೆಸ್ಟ್ ಸೋತಿತು. ಅವರೊಬ್ಬರು ಮೂರು ಶತಕ ಹೊಡೆದು 461 ರನ್ ಗಳಿಸಿದರು. ಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ನಿಂತವನೇ ಮಗ ಎಂದರು ತಂದೆಯವರು.

ಮೊದಲನೆಯ ಸಾಲು ಇನ್ನೂ ಖಾಲಿ ಇತ್ತು. ದೇಸಾಯಿಯವರ ಜೊತೆ ಆರಂಭಕ್ಕೆ ಯಾರು? ಎಲ್ಲರೂ ಯೋಚಿಸುತ್ತಿರುವಾಗ ಹುಡುಗ ಮೆಲ್ಲಗೆ ಹೇಳಿದ: "ಕೆ.ಎಲ್. ರಾಹುಲ್. ಈ ವರ್ಷದ್ದು, 2013-14."

ಆ ಹಂಗಾಮಿನಲ್ಲಿ ರಾಹುಲ್ 1033 ರನ್ ಹೊಡೆದಿದ್ದರು. ಅದರಲ್ಲಿ 131 ಬಂದದ್ದು ಅದೇ ಹೈದರಾಬಾದಿನಲ್ಲಿ, ಅದೇ ಮಹಾರಾಷ್ಟ್ರದ ವಿರುದ್ಧ. ತನ್ನ ತಂಡವನ್ನು ಸೋಲಿಸಿದವನ ಹೆಸರನ್ನು ತಾನೇ ತಂದು ಅಜ್ಜನ ಹಾಳೆಯ ಮೇಲಿಟ್ಟ ಹುಡುಗ. ತಂದೆಯವರು ಬರೆದರು. ಬರೆದು ಕನ್ನಡಕ ತೆಗೆದು ಒರೆಸಿಕೊಂಡು, "ನಿಮ್ಮ ಮಹಾರಾಷ್ಟ್ರದ್ದೂ ಒಂದು ಟೀಮ್ ಮಾಡು. ಯಾರ ಜೊತಿ ಆಡಬೇಕು ನಮ್ಮವರು?" ಎಂದರು. 'ನೀ ನಮ್ಮವ ಅಲ್ಲ' ಎಂಬ ಮಾತಿಗೆ ಅವರು ಕ್ಷಮೆ ಕೇಳಿದ್ದು ಇಷ್ಟೇ. ಇಬ್ಬರಿಗೂ ಸಾಕಾಯಿತು.

ಮಹಾರಾಷ್ಟ್ರದ ಹಾಳೆಯಲ್ಲಿ ಕೇದಾರ ಜಾಧವ ಮೊದಲು ಬಂದ: 2013-14ರಲ್ಲಿ 1223 ರನ್. ಆಮೇಲೆ 1939-40ರ ವಿಜಯ್ ಹಜಾರೆ, ಪುಣೆಯಲ್ಲಿ ಬರೋಡಾದ ವಿರುದ್ಧ 316 ನಾಟ್ ಔಟ್. 1940-41ರ ಪ್ರೊಫೆಸರ್ ದೇವಧರ್, ನಲವತ್ತೆಂಟನೆಯ ವಯಸ್ಸಿನಲ್ಲಿ ಮುಂಬಯಿಯ ವಿರುದ್ಧ 246. ಸಂಸ್ಕೃತ ಕಲಿಸುತ್ತಿದ್ದ ಮೇಷ್ಟ್ರು. ಮತ್ತು 1948-49ರ ಭಾವುಸಾಹೇಬ್ ನಿಂಬಾಳ್ಕರ್. ಈ ಕೊನೆಯವರ ಸಲುವಾಗಿ ಒಂದು ರವಿವಾರ ನಾವೆಲ್ಲ ಕ್ಯಾಂಪಿಗೆ ಹೋಗಿ ಪೂನಾ ಕ್ಲಬ್ಬಿನ ಮೈದಾನವನ್ನು ಹೊರಗಿನಿಂದ ನೋಡಿ ಬಂದೆವು. 1948ರ ಡಿಸೆಂಬರಿನಲ್ಲಿ ಅಲ್ಲಿ ಕಾಠಿಯಾವಾಡದ ವಿರುದ್ಧ ನಿಂಬಾಳ್ಕರ್ 443ಕ್ಕೆ ಆಡುತ್ತಿದ್ದರು. ಬ್ರಾಡ್ಮನ್ನರ 452ರ ವಿಶ್ವದಾಖಲೆಗೆ ಒಂಬತ್ತೇ ರನ್ ಕಡಿಮೆ. ಅಷ್ಟರಲ್ಲಿ ಎದುರು ಪಕ್ಷದ ನಾಯಕ, ರಾಜಕೋಟೆಯ ಠಾಕೂರಸಾಹೇಬರು, ಇನ್ನು ಸಾಕೆಂದು ತಮ್ಮ ತಂಡವನ್ನು ಕರೆದುಕೊಂಡು ಮೈದಾನ ಬಿಟ್ಟರು. ನಿಂಬಾಳ್ಕರ್ ಭಾರತದ ಪರವಾಗಿ ಒಂದು ಅಧಿಕೃತ ಟೆಸ್ಟನ್ನೂ ಆಡಲಿಲ್ಲ. ಗೇಟಿನ ಹೊರಗೆ ನಿಂತು ಮೊಮ್ಮಗ ಈ ಕಥೆ ಹೇಳಿದಾಗ ತಂದೆಯವರು ಬಹಳ ಹೊತ್ತು ಮೈದಾನವನ್ನೇ ನೋಡುತ್ತಿದ್ದರು. "ಇವನೂ ದೇಸಾಯಿ ಜಾತಿಯವನ" ಎಂದರು. ಅವರ ಅರ್ಥದಲ್ಲಿ ಅದು ದೊಡ್ಡ ಮರ್ಯಾದೆ.

ಇನ್ನು ಹನ್ನೊಂದನೆಯ ಸಾಲು. ಇದಕ್ಕೆ ಮೂಲ ಕಾರಣ 1998-99 ಎಂಬ ಮಾಯದಂಥ ಹಂಗಾಮು. ಆ ಒಂದೇ ಹಂಗಾಮಿನಲ್ಲಿ ಕುಂಬ್ಳೆ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತು ವಿಕೆಟ್ ತೆಗೆದರು. ಶ್ರೀನಾಥ್ ಕೋಲ್ಕತ್ತೆಯಲ್ಲಿ ಒಂದೇ ಪಂದ್ಯದಲ್ಲಿ 13 ಕಿತ್ತರು. ವೆಂಕಟೇಶ ಪ್ರಸಾದ್ ಚೆನ್ನೈಯಲ್ಲಿ 33ಕ್ಕೆ 6. ದ್ರಾವಿಡ್ ಹ್ಯಾಮಿಲ್ಟನ್ನಿನ ಒಂದೇ ಟೆಸ್ಟಿನಲ್ಲಿ 190 ಮತ್ತು 103. ಇತ್ತ ರಣಜಿಯಲ್ಲಿ ದೊಡ್ಡ ಗಣೇಶ್ 62 ವಿಕೆಟ್ ತೆಗೆದರು, ವಿಜಯ್ ಭಾರದ್ವಾಜ್ 1280 ರನ್ನಿನ ಜೊತೆಗೆ 21 ವಿಕೆಟ್ ಕಿತ್ತರು. ಬೆಂಗಳೂರಿನ ಫೈನಲ್ಲಿನಲ್ಲಿ ಮಧ್ಯಪ್ರದೇಶ ಟ್ರೋಫಿ ಕೈಗೆ ಬಂತೆಂದು ಕೊನೆಯ ದಿನ ಆಡುತ್ತಿದ್ದಾಗ ಅದೇ ಭಾರದ್ವಾಜ್ 6 ವಿಕೆಟ್ ಉರುಳಿಸಿ ಕರ್ನಾಟಕಕ್ಕೆ ಗೆಲುವು ತಂದರು. ನಮ್ಮ ಮತ ಅವರಿಗೆ. ಉಳಿದವರಿಗೆಲ್ಲ ಬೇರೆ ಕಡೆ ಕೀರ್ತಿ ಇದೆ. ಭಾರದ್ವಾಜರ ಟೆಸ್ಟು ಮೂರಕ್ಕೇ ಮುಗಿಯಿತು.

ಮೊಮ್ಮಗ ಒಪ್ಪಲಿಲ್ಲ. ಕುಂಬ್ಳೆ ಇಲ್ಲದ ಕರ್ನಾಟಕದ ತಂಡ ಉಪ್ಪಿಲ್ಲದ ಸಾರು ಎಂದ. 1998-99 ಬಿಟ್ಟುಕೊಡಲಿ, ಅವರಿಗೆ 2003-04 ಇದೆ: ಆಸ್ಟ್ರೇಲಿಯಾದಲ್ಲಿ 3 ಟೆಸ್ಟುಗಳಿಂದ 24 ವಿಕೆಟ್.

ತಂದೆಯವರದು ಮೂರನೆಯ ಹಟ: ಸುನೀಲ್ ಜೋಶಿ, 1995-96. ಒಂದೇ ರಣಜಿ ಹಂಗಾಮಿನಲ್ಲಿ 529 ರನ್, 52 ವಿಕೆಟ್. ಅದಕ್ಕಿಂತ ಹೆಚ್ಚಾಗಿ, ಜೋಶಿ ಗದಗಿನವರು. ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಪ್ರತಿದಿನ ನಸುಕಿನಲ್ಲೇ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಊರಿಗೆ ಮರಳುತ್ತಿದ್ದವರು. "ಬೆಂಗಳೂರಾಗ ಹುಟ್ಟಿದವರಿಗೆ ಮೈದಾನ ಮನಿ ಬಾಗಲದಾಗ ಇರ್ತದ. ನಮ್ಮ ಕಡಿಯವರು ಅದನ್ನ ಹುಡುಕ್ಕೊಂಡು ಹೋಗಬೇಕು" ಎಂಬುದು ಅವರ ವಾದ.

ಇಷ್ಟು ಸಾಲದೆಂದು ಮೊಮ್ಮಗಳು ನಡುವೆ ಬಂದಳು. "ನಿಮ್ಮ ಹಾಳ್ಯಾಗ ಒಬ್ಬರೂ ಹೆಣ್ಮಕ್ಕಳಿಲ್ಲಲ್ಲ?" 1976-77 ಖಾಲಿ ಇರುವುದನ್ನು ತೋರಿಸಿಕೊಟ್ಟವಳೂ ಅವಳೇ. ಆ ಹಂಗಾಮಿನಲ್ಲಿ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ ಭಾರತದ ಮಹಿಳೆಯರು ಪಾಟ್ನಾದಲ್ಲಿ ತಮ್ಮ ಮೊದಲ ಟೆಸ್ಟ್ ಗೆದ್ದರು. ಎರಡು ತಿಂಗಳಲ್ಲೇ ನ್ಯೂಜಿಲೆಂಡಿನಲ್ಲಿ ಶಾಂತಾ 108 ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ರಣಜಿ ಆಡಿರಬೇಕೆಂಬ ನಿಯಮ ಹೇಳಿದೆವು. "ಆಡಲಿಕ್ಕೆ ಬಿಟ್ಟಿದ್ರ ಆಡ್ತಿದ್ರು" ಎಂದು ಅವಳು ಹಾಳೆಯನ್ನು ತಿರುಗಿಸಿ ಬೆನ್ನ ಮೇಲೆ ತನ್ನದೇ ತಂಡ ಬರೆಯತೊಡಗಿದಳು. ಆಮೇಲೆ 2017ರ ವಿಶ್ವಕಪ್ಪಿನಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ ನ್ಯೂಜಿಲೆಂಡಿನ ವಿರುದ್ಧ 15ಕ್ಕೆ 5 ತೆಗೆದಾಗ ಆ ಹೆಸರು ಅಲ್ಲಿ ಏರಿತು.

ಜಗಳ ಬಿಗಿಯಾದ ಒಂದು ರಾತ್ರಿ ಮೊಮ್ಮಗ ಹೇಳಿದ: "ಅಜ್ಜಾ, ಇನ್ನೊಂದು ಹಂಗಾಮು ಇದ್ದವ ಬಿಟ್ಟುಕೊಡಬೇಕು ಅಂತ ಕಾನೂನು ಮಾಡಿದವರು ನೀವ. ನಿಮ್ಮ ಕಾನೂನಿನ ಪ್ರಕಾರ ಭಾರದ್ವಾಜ ಬರಬೇಕು. ನೀವ ಮುರೀತೀರಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ನಮ್ಮ ತಾಯಿಯ ಕೈ ನಿಂತಿತು. "ಆ ಕಾನೂನು ಇವತ್ತಿಂದಲ್ಲಪಾ" ಎಂದರು. "1971ರಿಂದ ನಡಕೊಂಡು ಬಂದೈತಿ."

ಆ ದಿನದವರೆಗೆ ನಮಗೂ ಪೂರ್ತಿ ಗೊತ್ತಿರದ ಸಂಗತಿ ಅದು. ತಂದೆಯವರು ಕಾಲೇಜಿನಲ್ಲಿ ಆಫ್ ಸ್ಪಿನ್ ಹಾಕುತ್ತಿದ್ದರೆಂದು ಕೇಳಿದ್ದೆವು. ಪುಣೆಗೆ ಬಂದ ಮೇಲೂ ಆಫೀಸಿನ ತಂಡಕ್ಕೆ ರವಿವಾರ ಆಡುತ್ತಿದ್ದರಂತೆ. ಒಂದು ಪಂದ್ಯದಲ್ಲಿ ಅವರ ಬೌಲಿಂಗ್ ನೋಡಿದ ಇಲ್ಲಿಯ ಒಂದು ಕ್ಲಬ್ಬಿನವರು ದಸರೆಯ ನಂತರ ನೆಟ್ಸಿಗೆ ಬಾ ಎಂದು ಕರೆದರು. ಅದೇ ತಿಂಗಳು ಊರಿನಿಂದ ದೊಡ್ಡ ಕಾಕಾನ ಪತ್ರ ಬಂತು. ಎಂಜಿನಿಯರಿಂಗ್ ಸೀಟು ಸಿಕ್ಕಿದೆ, ಫೀ ತುಂಬಬೇಕು. ತಂದೆಯವರು ರವಿವಾರದ ಓವರ್‌ಟೈಮ್ ಹಿಡಿದರು. ಮುಂದಿನ ವರ್ಷ ಆಡಿದರಾಯಿತು ಎಂದರು. ಮುಂದಿನ ವರ್ಷ ಸಣ್ಣ ಕಾಕಾ ಓದಲು ಇಲ್ಲಿಗೇ ಬಂದ. ಅದರ ಮುಂದಿನ ವರ್ಷ ನಾವು ಹುಟ್ಟಿದೆವು. ಪ್ರಸನ್ನರಿಗೆ ಐದು ವರ್ಷದ ಮೇಲೆ ಇನ್ನೊಂದು ಹಂಗಾಮು ಬಂತು.

"ಇವರಿಗೆ ಬರಲಿಲ್ಲ" ಎಂದರು ತಾಯಿ. "ಆ ಚೆಂಡು ಇನ್ನೂ ಟ್ರಂಕಿನ್ಯಾಗ ಅದ." ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು.

ತಂದೆಯವರು ಏನೂ ಹೇಳಲಿಲ್ಲ, ಮಜ್ಜಿಗೆ ಕಲಸಿಕೊಂಡರು. ಹುಡುಗ ಕೈ ತೊಳೆದುಕೊಂಡು ಬಂದು ಹಾಳೆಯ ಹನ್ನೆರಡನೆಯ ಸಾಲಿನಲ್ಲಿ ಬರೆದ: 'ಅಜ್ಜ, 1971-72.' ತಂದೆಯವರು ಓದಿದರು. ಪೆನ್ನು ಇಸಿದುಕೊಂಡು ನೆಟ್ಟಗೆ ಒಂದು ಗೆರೆ ಎಳೆದರು. "ಹುಚ್ಚಾ, ಒಂದನೇ ನಿಯಮ ಮರತಿಯೇನು? ರಣಜಿ ಆಡಿದವರಿಗಷ್ಟ" ಎಂದರು. ಗೆರೆ ಎಳೆದರೂ ಕೆಳಗಿನ ಅಕ್ಷರ ಇಂದಿಗೂ ಚೆನ್ನಾಗಿ ಓದಬರುತ್ತದೆ.

ಇದಾಗಿ ವರ್ಷಗಳು ಕಳೆದಿವೆ. ತಂದೆಯವರು ಈಗ ಎಂಬತ್ತರ ಹತ್ತಿರ. ಮೊಮ್ಮಗ ಓದು ಮುಗಿಸಿದ, ನೌಕರಿ ಸಿಕ್ಕಿತು. ಎಲ್ಲಿ ಎನ್ನುತ್ತೀರಿ? ಬೆಂಗಳೂರಿನಲ್ಲಿ! ನಮ್ಮ ತಂದೆಯವರ ಹಿಗ್ಗು ಹೇಳತೀರದು. ಕನ್ನಡದ ಹುಡುಗ ಕನ್ನಡ ನಾಡಿಗೆ ಹೋದ, ಇನ್ನೇನು ಬೇಕು? ಆದರೆ ಮೊದಲ ತಿಂಗಳ ಫೋನಿನಲ್ಲೇ ಹುಡುಗನ ದನಿ ಸಣ್ಣಗಿತ್ತು. ಅವನು "ಹೌದ್ರಿ", "ಬ್ಯಾಡ್ರಿ" ಎಂದರೆ ಆಫೀಸಿನಲ್ಲಿ ನಗುತ್ತಾರಂತೆ. ನೀನು ಎಲ್ಲಿಯವನು ಎಂದು ಕೇಳುತ್ತಾರಂತೆ. ಪುಣೆ ಎಂದರೆ, ಹಾಗಾದರೆ ನೀನು ಮರಾಠಿಯವನು ಎನ್ನುತ್ತಾರಂತೆ. ಕೋಣೆಯಿಂದ ಆಫೀಸಿಗೆ ಹೋಗಿಬರಲು ದಿನಕ್ಕೆ ನಾಲ್ಕು ತಾಸು.

ತಂದೆಯವರು ಫೋನು ಹಿಡಿದು ಸುಮ್ಮನೆ ಕೇಳಿಸಿಕೊಂಡರು. ಬುದ್ಧಿ ಹೇಳಲಿಲ್ಲ. "ಹೌದಪಾ. ನನಗೂ ಇಲ್ಲಿ ಹಿಂಗ ಆಗಿತ್ತು. ನಾಕು ವರ್ಷ ಹಿಡೀತು" ಎಂದರು ಕೊನೆಗೆ. ಮುಂದೆ ವಾರಕ್ಕೊಮ್ಮೆ ಫೋನು ಬರತೊಡಗಿತು. ಉಂಡೆಯಾ, ಮಲಗಿದೆಯಾ ಎಂಬುದು ಎರಡು ನಿಮಿಷ. ಉಳಿದದ್ದೆಲ್ಲ ಹನ್ನೊಂದನೆಯ ಸಾಲಿನ ವಾದ. ಒಬ್ಬನೇ ಕೋಣೆಯಲ್ಲಿರುವ ಹುಡುಗನಿಗೂ, ಮೊಣಕಾಲು ನೋವಿನಿಂದ ಮನೆಯಲ್ಲೇ ಇರುವ ಮುದುಕನಿಗೂ ಕುಂಬ್ಳೆ ಮತ್ತು ಜೋಶಿ ಮಾಡಿರುವ ಉಪಕಾರ ಯಾವ ದಾಖಲೆಯ ಪುಸ್ತಕದಲ್ಲೂ ಬಂದಿಲ್ಲ.

ಮೊನ್ನೆ ದೀಪಾವಳಿಗೆ ಹುಡುಗ ಮನೆಗೆ ಬಂದಿದ್ದ. ಮೊದಲ ದಿನವೇ ಹಾಳೆಯ ಮುಂದೆ ನಿಂತು, "ಅಜ್ಜಾ, ಜೋಶಿ ಇರಲಿ" ಎಂದ.

"ಯಾಕ? ಕುಂಬ್ಳೆ ಬ್ಯಾಡೇನು?"

"ಕುಂಬ್ಳೆ ದೊಡ್ಡವನ. ಆದ್ರ ಈಗ ದಿನಾ ಮುಂಜಾನೆ ಆರಕ್ಕ ಬಸ್ ಹಿಡಿಯೋ ಮುಂದ ನನಗ ಜೋಶಿ ನೆನಪ ಆಗ್ತಾನ."

ತಂದೆಯವರು ಗೆದ್ದ ಸಂತೋಷವನ್ನು ತೋರಿಸಿಕೊಳ್ಳಲಿಲ್ಲ. ಎದ್ದು ಬಂದು ಹನ್ನೊಂದನೆಯ ಸಾಲಿನಲ್ಲಿ 'ಸುನೀಲ್ ಜೋಶಿ, 1995-96' ಎಂದು ಬರೆದರು. ಜೇಬಿನಲ್ಲಿ ಪೆನ್ನಿತ್ತು, ಆದರೂ ಬರೆದದ್ದು ಪೆನ್ಸಿಲ್ಲಿನಲ್ಲಿ. ಯಾಕೆಂದು ನಾವು ಕೇಳಿದೆವು.

"ಅವ ಮತ್ತ ಫೋನ್ ಮಾಡಬೇಕಲ್ಲ" ಎಂದರು.